ಸಂಜೆ ಚಹಾಕ್ಕೆ ಹೋಗದವಳ ಹೆಸರು

ಈ ಪ್ರಕರಣ ಬರೆಯಲು ಕಾರಣ, ಇದು ಒಬ್ಬಳ ಕಥೆಯಲ್ಲ. ಕಲಬುರಗಿಯಲ್ಲಿ ಸಮಾಲೋಚನೆಗೆ ಅಂತ ನನ್ನ ಹತ್ತಿರ ಬರುವ ಸಂಶೋಧನಾ ವಿದ್ಯಾರ್ಥಿನಿಯರಿಂದ, ಕೆಲಸ ತಮ್ಮದು, ಸಂಶೋಧನಾ ಪ್ರಬಂಧದಲ್ಲಿ ಹೆಸರು ಮಾತ್ರ ಹಿಂದೆ ಅನ್ನುವ ಇದೇ ದುಃಖವನ್ನು ಮತ್ತೆ ಮತ್ತೆ ಕೇಳಿದ್ದೇನೆ. ಗುರುತು ಸಿಗದಂತೆ ಊರು, ವಯಸ್ಸು, ಮನೆಯ ವಿವರ ಬದಲಿಸಿದ್ದೇನೆ. ಬೆಳೆ ಮಾತ್ರ ಹಾಗೇ ಇದೆ. ನಮ್ಮದು ತೊಗರಿ ನಾಡು, ತೊಗರಿ ಮೇಲೆ ಕೆಲಸ ಮಾಡುವವರು ಇಲ್ಲಿ ಬಹಳ ಜನ.

ಆಕೆಗೆ ಇಪ್ಪತ್ತೆಂಟು. ಪಿಎಚ್‌.ಡಿ. ಕೊನೆಯ ವರ್ಷ. ವಿಷಯ ತೊಗರಿಯ ನೆಟೆ ರೋಗ. ಫ್ಯುಸೇರಿಯಂ ಅನ್ನುವ ಶಿಲೀಂಧ್ರ ಮಣ್ಣಿನಿಂದ ಬೇರಿಗೆ ಹೊಕ್ಕು, ಗಿಡದೊಳಗೆ ನೀರು ಏರುವ ದಾರಿಯನ್ನೇ ಕಟ್ಟಿಬಿಡುತ್ತದೆ. ಹೂ, ಕಾಯಿ ಹಿಡಿಯುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. ಎರಡು ಹಂಗಾಮು ಆಳಂದ, ಚಿತ್ತಾಪುರ, ಜೇವರ್ಗಿ ಕಡೆಯ ಹೊಲ ತಿರುಗಿ, ಒಣಗಿದ ಗಿಡ ತಂದು, ಶಿಲೀಂಧ್ರ ಬೇರ್ಪಡಿಸಿ ಬೆಳೆಸಿದ್ದು ಆಕೆ. ಜೊತೆಯ ಸಂಶೋಧಕ ಅಂಕಿ-ಅಂಶದ ಲೆಕ್ಕ ಮಾಡಿ ಗ್ರಾಫ್ ಹಾಕಿದ. ಈ ಕೆಲಸದ ಪ್ರಬಂಧಕ್ಕೆ ನೀವು ಸಹಲೇಖಕರು ಅಂತ ದೃಢಪಡಿಸಿ ಎಂದು ವಿಜ್ಞಾನ ಪತ್ರಿಕೆಯಿಂದ ಇ-ಮೇಲ್ ಬಂತು. ತೆರೆದು ನೋಡಿದರೆ ಅವನ ಹೆಸರು ಮೊದಲು, ಇನ್ನೊಬ್ಬ ಸೀನಿಯರ್ ಹೆಸರು ಎರಡನೆಯದು, ಆಕೆಯದು ಮೂರನೆಯದು, ಕೊನೆಗೆ ಗೈಡ್.

ನಿದ್ದೆ ಇಲ್ಲ, ಲ್ಯಾಬ್‌ಗೆ ಕಾಲಿಡಲು ಮನಸ್ಸಿಲ್ಲ ಅಂತ ಬಂದಿದ್ದಳು. ಮೊದಲೆರಡು ಭೇಟಿ ಅಳುವಿನಲ್ಲೇ ಹೋದವು. ಮೂರನೆಯ ಸಲ ಕೇಳಿದೆ, "ಈ ಹೆಸರಿನ ಸಾಲು ಎಲ್ಲಿ ತೀರ್ಮಾನ ಆಯ್ತವ್ವಾ?"

"ಚಾದ ಅಂಗಡ್ಯಾಗ ಆಗಿರಬೇಕ್ರಿ ಮೇಡಂ. ಸಂಜಿ ಆದ್ರ ಸರ್ ಎಲ್ಲಾರ್ನೂ ಕರಕೊಂಡು ಗೇಟಿನ ಹೊರಗ ಚಾ ಕುಡಿಲಾಕ ಹೋಗ್ತಾರ. ನಾ ಐದೂವರಿ ಬಸ್ಸಿಗಿ ಊರಿಗಿ ಹೋಗ್ತೀನಿ. ತಪ್ಪು ನಂದೇ ಅದರಿ. ನಾ ಅಲ್ಲಿ ಇದ್ದಿದ್ರ ಹಿಂಗ ಆಗ್ತಿರಲಿಲ್ಲ."

ಇದನ್ನು ಹೇಳುವಾಗ ಆಕೆ ಅಳಲಿಲ್ಲ. ನನಗೆ ಹೆದರಿಕೆಯಾಗಿದ್ದು ಅಲ್ಲೇ. ಅಳುತ್ತಿದ್ದಾಗ ತನಗೆ ಅನ್ಯಾಯ ಆಗಿದೆ ಅಂತ ಆಕೆಗೆ ಗೊತ್ತಿತ್ತು. ಈಗ ತನ್ನ ಮೇಲೇ ತೀರ್ಪು ಕೊಟ್ಟುಕೊಂಡಿದ್ದಳು.

"ಯಾವತ್ತಾದ್ರೂ ಹೋಗಿದ್ದೆಯಾ?"

"ಒಂದಿನ ಹೋಗಿದ್ದೆ ರೀ. ಯಾರೋ ನೋಡಿ ಮನ್ಯಾಗ ಹೇಳಿದ್ರು. ಆ ಹುಡುಗರ ಜೋಡಿ ಏನ್ ಮಾಡ್ಲಾಕತ್ತಿದ್ದಿ ಅಂತ ಅಣ್ಣ ಕೇಳಿದ."

ಹೋದರೆ ಮನೆಯಲ್ಲಿ ಮಾತು, ಹೋಗದಿದ್ದರೆ ಮೂರನೆಯ ಹೆಸರು. ಇದರಲ್ಲಿ ಆಕೆಯ ತಪ್ಪೆಲ್ಲಿದೆ? ತಂಡದಲ್ಲಿ ಒಬ್ಬಳು ಬರಲಾಗದ ಜಾಗದಲ್ಲಿ ಕೂತು ತಂಡದ ತೀರ್ಮಾನ ಮಾಡಿದ್ದು ತಪ್ಪು. ಇದನ್ನು ಆಕೆಗೆ ಎರಡು ಸಲ ಹೇಳಿದೆ. ಇನ್ನೊಂದನ್ನೂ ಹೇಳಿದೆ. 2022ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಮೆರಿಕದ ಸಂಶೋಧನಾ ತಂಡಗಳ ಅಧ್ಯಯನ ಬಂದಿತ್ತು. ಪ್ರಬಂಧದಲ್ಲಿ ಹೆಣ್ಣುಮಕ್ಕಳ ಹೆಸರು ಬರುವ ಸಾಧ್ಯತೆ ಜೊತೆಯ ಗಂಡಸರಿಗಿಂತ ಶೇ 13ರಷ್ಟು ಕಡಿಮೆ, ಪೇಟೆಂಟ್‌ನಲ್ಲಿ ಶೇ 58ರಷ್ಟು ಕಡಿಮೆ. ಅವರಿಗೆ ನಿನ್ನ ಐದೂವರೆ ಬಸ್ಸು ಇರಲಿಲ್ಲ ಅಲ್ವಾ ಅಂತ ಕೇಳಿದೆ. ಬಹಳ ಹೊತ್ತು ಸುಮ್ಮನೆ ಕೂತಳು.

ಆಮೇಲೆ ಕೇಳಿದಳು, "ಒಂದು ಹೆಸರಿನ ಸಲುವಾಗಿ ನಿಂತು ಕೇಳಿದ್ರ ಸಣ್ಣತನ ಅನಸ್ತದಲ್ರಿ?"

ಅಧ್ಯಾಪಕರ ಸಂಶೋಧನಾ ಅಂಕ ಲೆಕ್ಕ ಹಾಕುವ, ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮ ತೋರಿಸಿದೆ. ಇಬ್ಬರಿಗಿಂತ ಜಾಸ್ತಿ ಲೇಖಕರಿದ್ದರೆ ಮೊದಲ ಲೇಖಕರಿಗೆ ಪ್ರಬಂಧದ ಅಂಕದಲ್ಲಿ ಶೇ 70, ಉಳಿದ ಸಹಲೇಖಕರಿಗೆ ತಲಾ ಶೇ 30. ನಾಳೆ ನೌಕರಿಯಲ್ಲಿ ಬಡ್ತಿ ಕೇಳುವಾಗ ಎರಡು ವರ್ಷ ಹೊಲ ತಿರುಗಿದ್ದನ್ನು ಯಾರೂ ಎಣಿಸುವುದಿಲ್ಲ, ಈ ಅಂಕವನ್ನೇ ಎಣಿಸುತ್ತಾರೆ. ಇದು ನಿನ್ನ ಅನ್ನದ ಪ್ರಶ್ನೆ ಅಂದೆ.

ನಾನು ಕೊಟ್ಟ ಸಲಹೆ ಸರಳ. ಬೆಳಿಗ್ಗೆ ಹನ್ನೊಂದಕ್ಕೆ ಅರ್ಧ ಗಂಟೆ ಸಮಯ ಕೊಡಿ ಅಂತ ಗೈಡನ್ನು ಕೇಳು. ತಾರೀಖು ಬರೆದಿಟ್ಟ ಲ್ಯಾಬ್ ನೋಟ್‌ಬುಕ್ ತೆಗೆದುಕೊಂಡು ಹೋಗು. ಅನ್ಯಾಯ ಅನ್ನುವ ಮಾತು ಬೇಡ, ಯಾವ ಕೆಲಸ ಯಾರು ಮಾಡಿದರು ಅಂತಷ್ಟೇ ಹೇಳು. ಮುಂದಿನ ಪ್ರಬಂಧಕ್ಕೆ ಕೆಲಸ ಶುರುವಾಗುವ ಮೊದಲೇ ಹೆಸರಿನ ಸಾಲು ಬರೆದಿಡೋಣ ಅಂತ ಕೇಳು. ಮಾತು ಮುಗಿದ ದಿನವೇ, ಏನು ತೀರ್ಮಾನ ಆಯಿತು ಅಂತ ಎರಡು ಸಾಲಿನ ಇ-ಮೇಲ್ ಕಳಿಸು.

ದೂರು ಕೊಡಿಸಬೇಕಿತ್ತು ಅಂತ ನನ್ನ ಕೆಲವು ಗೆಳತಿಯರು ಬೇಜಾರು ಮಾಡಿಕೊಂಡರು. ದೂರಿನ ದಾರಿಯನ್ನೂ ಹೇಳಿದ್ದೆ. ಆದರೆ ಪಿಎಚ್‌.ಡಿ. ಮಹಾಪ್ರಬಂಧ ಒಪ್ಪಿಸಲು ಎಂಟು ತಿಂಗಳಿತ್ತು, ಅದಕ್ಕೆ ಅದೇ ಗೈಡ್ ಸಹಿ ಬೇಕು. ಜಗಳದ ಬೆಲೆ ತೆರುವವಳು ಆಕೆ, ನಾನಲ್ಲ. ಧೈರ್ಯ ತಂದುಕೋ ಅಂತಲೂ ಹೇಳಲಿಲ್ಲ. ಒಬ್ಬಳೇ ಹೊಲ ತಿರುಗಿದವಳಿಗೆ ಧೈರ್ಯ ಕಡಿಮೆ ಇರಲಿಲ್ಲ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಮುಂದೆ ಜೀವರಸಾಯನ ವಿಜ್ಞಾನಿಯಾದ ಕಮಲಾ ಸೊಹೋನಿ ಅವರಿಗೆ ಹೆಣ್ಣು ಅನ್ನುವ ಕಾರಣಕ್ಕೆ ಸಿ.ವಿ. ರಾಮನ್ ಮೊದಲು ಸೀಟು ಕೊಡಲಿಲ್ಲ. ಮುಚ್ಚಿದ ಬಾಗಿಲು ಕಣ್ಣಿಗೆ ಕಾಣುತ್ತಿತ್ತು, ಹಠ ಹಿಡಿದು ಒಳಗೆ ಹೋದರು. ಈ ಹುಡುಗಿಯ ಲ್ಯಾಬ್ ಬಾಗಿಲು ತೆರೆದೇ ಇದೆ, ಕೀಲಿಯೂ ಆಕೆಯ ಹತ್ತಿರವೇ ಇರುತ್ತದೆ. ಯಾರ ಮುಂದೆ ಹಠ ಹಿಡಿಯಬೇಕು? ಬಾಯಿಮಾತಿನಲ್ಲಿ ಕಳೆದುಹೋಗುವುದನ್ನು ಕಾಗದದ ಮೇಲೆ ಹಿಡಿದಿಡು ಅಂದಿದ್ದು ಅದಕ್ಕೇ.

ಗೈಡ್ ಎಲ್ಲ ಕೇಳಿ, "ಇದನ್ನ ಮೊದಲೇ ಹೇಳಬಾರದೇನವ್ವಾ?" ಅಂದರಂತೆ. ಕೆಟ್ಟ ಮನುಷ್ಯರಲ್ಲ. ಆದರೆ ಆ ಹುಡುಗ ಕೇಳದೆಯೇ ಮೊದಲ ಹೆಸರು ಪಡೆದಿದ್ದ, ಈಕೆ ಮಾತ್ರ ಮೊದಲೇ ಕೇಳಬೇಕಿತ್ತು ಅನ್ನುವುದು ನನಗೆ ಇವತ್ತಿಗೂ ಚುಚ್ಚುತ್ತದೆ. ಕೊನೆಗೆ ಆಕೆಯ ಹೆಸರು ಎರಡನೆಯದಾಯಿತು, ಮೊದಲ ಇಬ್ಬರದೂ ಸಮಾನ ಕೊಡುಗೆ ಅನ್ನುವ ಒಂದು ಸಾಲು ಸೇರಿತು. ಆಕೆಗೆ ಪೂರ್ತಿ ಸಮಾಧಾನ ಇಲ್ಲ, ನನಗೂ ಇಲ್ಲ. ಮುಂದಿನ ಪ್ರಬಂಧದಲ್ಲಿ ಮೊದಲ ಹೆಸರು ಆಕೆಯದು. ಹಾಗಂತ ಎಲ್ಲರೂ ಸಹಿ ಮಾಡಿದ ಹಾಳೆ ಲ್ಯಾಬ್ ಫ್ರಿಜ್ ಮೇಲೆ ಅಂಟಿಸಿದೆ. ನಿದ್ದೆಯೂ ಬರುತ್ತಿದೆ.

ಕೊನೆಯ ಭೇಟಿಗೆ ಮೊದಲ ವರ್ಷದ ಹುಡುಗಿಯೊಬ್ಬಳನ್ನು ಕರೆದುಕೊಂಡು ಬಂದಿದ್ದಳು. ಆ ಹುಡುಗಿ ಐದು ಗಂಟೆಯ ಬಸ್ಸಿಗೆ ಹೋಗಬೇಕಿತ್ತು. ಅವಳ ಮಾತನ್ನೇ ಮೊದಲು ಕೇಳಿದೆ.