ಅವರು ರಜೆಗೆ ಬಂದಾಗಲೆಲ್ಲ ಮತ್ತೆ ಅದೇ ತೊಂದರೆ

ಪ್ರಶ್ನೆ: ನನಗೆ 28 ವರ್ಷ, ಮಲ್ಪೆ ಕಡೆಯವಳು. ಗಂಡ ದುಬೈಯಲ್ಲಿದ್ದಾರೆ. ಅವರು ರಜೆಗೆ ಬಂದ ಕೆಲವೇ ದಿನಕ್ಕೆ ನನಗೆ ತೆಳ್ಳಗೆ, ಬೂದು ಬಣ್ಣದ ಬಿಳಿಸೆರಗು ಹೋಗುತ್ತದೆ. ಕೂಡಿದ ಮೇಲಂತೂ ಹಸಿ ಮೀನಿನ ವಾಸನೆ. ಡಾಕ್ಟರು ಬ್ಯಾಕ್ಟೀರಿಯಲ್ ವಜೈನೋಸಿಸ್ ಎಂದು ಮಾತ್ರೆ ಕೊಟ್ಟರು. ಗುಣವಾಗಿ ಮತ್ತೆ ಬಂತು. ದಿನಾ ಆಂಟಿಸೆಪ್ಟಿಕ್ ಲೋಷನ್ ಹಾಕಿ ಒಳಗೆ ತೊಳೆಯುತ್ತೇನೆ. ಅವರಿಗೆ ಅಲ್ಲಿ ಬೇರೆ ಸಂಬಂಧ ಇರಬಹುದೇ?

ಉತ್ತರ: ಒಳಗೆ ತೊಳೆಯುವುದನ್ನು ಇವತ್ತೇ ನಿಲ್ಲಿಸಿ. ಯೋನಿಯಲ್ಲಿರುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಆಮ್ಲ ತಯಾರಿಸಿ ಪಿಎಚ್ (ಆಮ್ಲ-ಕ್ಷಾರದ ಅಳತೆ) ಮಟ್ಟವನ್ನು 4.5ಕ್ಕಿಂತ ಕೆಳಗಿಡುತ್ತದೆ, ಲೋಷನ್ ಅದನ್ನೂ ಕೊಲ್ಲುತ್ತದೆ. ಆ ಜಾಗ ಗಾರ್ಡ್‌ನೆರೆಲ್ಲಾದಂಥ, ಈ ಕಾಯಿಲೆ ತರುವ ಬ್ಯಾಕ್ಟೀರಿಯಾಗಳ ಪಾಲಾಗುತ್ತದೆ. ವೀರ್ಯ ಕ್ಷಾರೀಯವಾದ್ದರಿಂದ ಕೂಡಿದ ಮೇಲೆ ವಾಸನೆ ಏಳುತ್ತದೆ. ಹೊರಭಾಗಕ್ಕೆ ಬರಿ ನೀರು ಸಾಕು.

ಸಂಶಯದ ವಿಷಯ. ಈ ಬ್ಯಾಕ್ಟೀರಿಯಾಗಳು ಗಂಡಸಿನ ಮುಂದೊಗಲಿನಡಿ, ಮೂತ್ರನಾಳದಲ್ಲಿ ಯಾವ ತೊಂದರೆಯನ್ನೂ ತೋರಿಸದೆ ಇರಬಲ್ಲವು. ನಿಮ್ಮಿಂದ ಅವರಿಗೆ, ಅವರಿಂದ ವಾಪಸ್ ನಿಮಗೆ ಬರಬಹುದು. ಹಾಗಾಗಿ ಈ ಕಾಯಿಲೆಯೊಂದನ್ನೇ ಹಿಡಿದು ಅವರ ನಡತೆಯನ್ನು ಅಳೆಯಬೇಡಿ. ನಿಮ್ಮೊಬ್ಬರಿಗೇ ಮದ್ದು ಮಾಡಿದ್ದು ಮತ್ತೆ ಬರಲು ಕಾರಣವಾಗಿರಬಹುದು.

2025ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ 164 ಜೋಡಿಗಳಿದ್ದವು. ಹೆಂಗಸಿಗೆ ಮಾತ್ರ ಮದ್ದು ಕೊಟ್ಟಲ್ಲಿ 12 ವಾರದೊಳಗೆ ಶೇ 63 ಮಂದಿಗೆ ಮರಳಿತು. ಇಬ್ಬರಿಗೂ ಕೊಟ್ಟಲ್ಲಿ ಶೇ 35. ಗಂಡಸರಿಗೆ ಕೊಟ್ಟದ್ದು ಮೆಟ್ರೊನಿಡಜೋಲ್ 400 ಮಿ.ಗ್ರಾಂ ಮಾತ್ರೆ, ಜೊತೆಗೆ ಶೇ 2ರ ಕ್ಲಿಂಡಾಮೈಸಿನ್ ಕ್ರೀಮ್; ಎರಡೂ ದಿನಕ್ಕೆರಡು ಸಲ, 7 ದಿನ. ಕ್ರೀಮನ್ನು ಮುಂದೊಗಲು ಹಿಂದೆ ಸರಿಸಿ ಸುತ್ತಲೂ ಹಚ್ಚಬೇಕು. ಬರಿ ಮಾತ್ರೆ ಸಾಕೆಂದು ಕ್ರೀಮ್ ಬಿಡಬೇಡಿ. ಮೆಡಿಕಲ್‌ನಲ್ಲಿ ನೀವೇ ಕೊಳ್ಳದೆ ಡಾಕ್ಟರರ ಚೀಟಿಯ ಮೇಲೆ, ಇಬ್ಬರೂ ಒಂದೇ ವಾರದಲ್ಲಿ ತೆಗೆದುಕೊಳ್ಳಿ. ಆ ವಾರ ಕೂಡಬೇಡಿ. ಕ್ಲಿಂಡಾಮೈಸಿನ್ ಕ್ರೀಮ್ ಕಾಂಡೋಮಿನ ರಬ್ಬರನ್ನು ದುರ್ಬಲಗೊಳಿಸುತ್ತದೆ. ಮದ್ಯವೂ ಬೇಡ. ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ ಮೊದಲೇ ಹೇಳಿ.

ಲ್ಯಾಕ್ಟೋಬ್ಯಾಸಿಲಸ್ ಕಡಿಮೆಯಾದಾಗ ಎಚ್‌ಐವಿ, ಗೊನೋರಿಯಾ, ಕ್ಲಮೈಡಿಯಾದಂಥ ಲೈಂಗಿಕ ಸೋಂಕುಗಳು ಸುಲಭವಾಗಿ ಅಂಟುತ್ತವೆ. ಸಿಫಿಲಿಸ್ ಸೇರಿಸಿ ಇಬ್ಬರೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಉಡುಪಿಯ ಅಜ್ಜರಕಾಡು ಜಿಲ್ಲಾ ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಆಪ್ತಸಲಹೆ ಮತ್ತು ಪರೀಕ್ಷಾ ಕೇಂದ್ರ) ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟು ಹೊರಬೀಳುವುದಿಲ್ಲ. ಹುಣ್ಣು, ಅವರಿಗೆ ಕೀವು, ನಿಮಗೆ ಕಿಬ್ಬೊಟ್ಟೆ ನೋವು ಅಥವಾ ಜ್ವರ ಇದ್ದರೆ ಒಂದು ದಿನವೂ ಕಾಯಬೇಡಿ.

ಗಂಡನಿಗೆ ಹೇಳುವಾಗ “ನಿಮ್ಮಿಂದಲೇ ಬಂತು” ಎಂದು ಶುರು ಮಾಡಬೇಡಿ. “ಇಬ್ಬರೂ ಒಟ್ಟಿಗೆ ಮದ್ದು ಮಾಡಿದರೆ ಮತ್ತೆ ಬರುವುದು ಕಡಿಮೆಯಂತೆ, ಡಾಕ್ಟರ ಹತ್ತಿರ ಒಟ್ಟಿಗೆ ಹೋಗುವ” ಎನ್ನಿ.