ಸಿಂಹಗಡದ ಕೆಂಪು ಪಟ್ಟಿ: ಯಾವುದು ಮೊದಲು?

ಪುಣೆ ಬಳಿಯ ಸಿಂಹಗಡ ಕೋಟೆಯನ್ನು ಹತ್ತುವಾಗ ಎರಡು ಕಪ್ಪು ಬಂಡೆಪದರಗಳ ನಡುವೆ ಕಂಡ ಕೆಂಪು ಪಟ್ಟಿ ಮತ್ತು ಅವೆಲ್ಲವನ್ನೂ ಸೀಳಿಕೊಂಡು ನಿಂತ ಗೋಡೆಯಂಥ ಶಿಲೆ, ಇವುಗಳಲ್ಲಿ ಯಾವುದು ಹಳೆಯದು ಎಂದು ತಾವು ಕೇಳಿದ್ದೀರಿ. ಪುಣೆಗೆ ಬಂದ ಹೊಸತರಲ್ಲಿ ನನಗೂ ಇದೇ ಗೊಂದಲವಿತ್ತು.

ಬುಡಮೇಲಾಗದೆ ಉಳಿದ ಪದರಗಳಲ್ಲಿ ಕೆಳಗಿನದೇ ಹಿರಿಯದು ಎಂಬ ನಿಯಮವನ್ನು ಡೆನ್ಮಾರ್ಕಿನ ವಿಜ್ಞಾನಿ ಸ್ಟೆನೋ 1669ರಲ್ಲಿಯೇ ಪ್ರಕಟಿಸಿದರು. ಅವರು ನೋಡಿದ್ದು ನೀರಿನಲ್ಲಿ ಮರಳು, ಕೆಸರು ತಂಗಿ ಆದ ಜಲಜಶಿಲೆಗಳನ್ನಾದರೂ ಸಿಂಹಗಡದ ಈ ಕಪ್ಪು ಲಾವಾ ಪದರಗಳಿಗೂ ಅದು ಸಲ್ಲುತ್ತದೆ. ಒಂದು ಪದರ ತಣಿದು, ಅದರ ಮೇಲ್ಮೈ ಗಾಳಿಮಳೆಗೆ ಶಿಥಿಲಗೊಂಡು ಮಣ್ಣಾಗುವಷ್ಟು ಬಿಡುವು ದೊರೆತ ಮೇಲೆಯೇ ಮುಂದಿನ ಲಾವಾ ಹರಿದುಬಂದಿತೆಂಬುದಕ್ಕೆ ಆ ಕೆಂಪು ಪಟ್ಟಿ ಸಾಮಾನ್ಯವಾಗಿ ಸಾಕ್ಷಿ. ಗೋಡೆಯಂಥದ್ದು ಡೈಕ್, ಅಂದರೆ ಬಿರುಕಿನೊಳಗೆ ನುಗ್ಗಿ ಗಟ್ಟಿಯಾದ ಶಿಲಾರಸ. ಇಲ್ಲದ ಬಂಡೆಯನ್ನು ಸೀಳಲಾಗದಾದ್ದರಿಂದ, ತಾನು ಸೀಳಿದ ಎಲ್ಲಕ್ಕಿಂತಲೂ ಅದು ಕಿರಿಯದು.

ಆದರೆ ಪದರಗಳ ನಡುವೆ ಅಡ್ಡಲಾಗಿ ನುಗ್ಗಿ ಗಟ್ಟಿಯಾದ ಸಿಲ್ ಕೂಡ ಲಾವಾ ಪದರದಂತೆಯೇ ಕಂಡು ಮೋಸಗೊಳಿಸುತ್ತದೆ. ಕೆಳಗಿನ ಬಂಡೆಯಷ್ಟೇ ಅಲ್ಲದೆ ಮೇಲಿನ ಬಂಡೆಯ ಅಂಚೂ ಕಾವಿಗೆ ಬೆಂದಿದ್ದರೆ ಅದು ಸಿಲ್, ಅಂದರೆ ಮೇಲಿನ ಪದರಕ್ಕಿಂತಲೂ ಕಿರಿಯದು. ಈ ಕ್ರಮ ಕಣ್ಣಿಗೇ ಸಿಗುತ್ತದೆ. ದಖನ್ನಿನ ಲಾವಾಕ್ಕೆ ಸುಮಾರು 6.6 ಕೋಟಿ ವರ್ಷ ಎಂಬ ಲೆಕ್ಕ ಮಾತ್ರ ಬಂಡೆಯಲ್ಲಿನ ವಿಕಿರಣಶೀಲ ಪೊಟ್ಯಾಸಿಯಂ ಎಷ್ಟು ಆರ್ಗಾನ್ ಆಗಿದೆ ಎಂಬುದನ್ನು ಅಳೆಯುವ ಪ್ರಯೋಗಾಲಯದಿಂದ ಬಂದದ್ದು.