ಮಗುವಿನ ಹಿಮ್ಮಡಿ ರಕ್ತದಲ್ಲಿ ಸಿಎಎಚ್ ಬಂದಿದೆಯೇ? ಸೋಮವಾರಕ್ಕೆ ಕಾಯಬೇಡಿ

ಟೆಕ್ಸಾಸ್‌ನ ಹ್ಯೂಸ್ಟನ್‌ಗೆ ಹೊಸಬರು, ಮಗ ಹುಟ್ಟಿ ಆರು ದಿನ, ಹಿಮ್ಮಡಿಯ ರಕ್ತ ತೆಗೆದು ಮಾಡುವ ನವಜಾತ ಸ್ಕ್ರೀನಿಂಗ್‌ನಲ್ಲಿ ಸಿಎಎಚ್‌ಗೆ (ಅಡ್ರಿನಲ್ ಗ್ರಂಥಿಯ ಹುಟ್ಟು ಕಾಯಿಲೆ) ‘ಅಸಹಜ’ ಎಂದಿದೆ, ಮಗು ಚೆನ್ನಾಗಿಯೇ ಹಾಲು ಕುಡಿಯುತ್ತಿದೆ, ಸೋಮವಾರದವರೆಗೆ ಕಾಯಬಹುದೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಈಗಲೇ ಮಗುವಿನ ಡಾಕ್ಟರಿಗೆ ಫೋನ್ ಮಾಡಿ. ಅವರು ಸಿಗದಿದ್ದರೆ ವರದಿ ಹಿಡಿದು ಮಕ್ಕಳ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಇನ್ಶೂರೆನ್ಸ್ ಕಾರ್ಡ್ ಬಂದಿಲ್ಲವೆಂದು ಹಿಂಜರಿಯಬೇಡಿ. ಕಂಪನಿಯ ಪಾಲಿಸಿಗೆ ಹುಟ್ಟಿದ 30 ದಿನದೊಳಗೆ ಹೆಸರು ಸೇರಿಸಿದರೆ ಹುಟ್ಟಿದ ದಿನದಿಂದಲೇ ಅನ್ವಯವಾಗುತ್ತದೆ.

ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ 21-ಹೈಡ್ರಾಕ್ಸಿಲೇಸ್ ಎಂಬ ಕಿಣ್ವ ಸಾಲದಿದ್ದರೆ, ದೇಹ ಒತ್ತಡ ತಾಳಲು ಬೇಕಾದ ಕಾರ್ಟಿಸಾಲ್ ಹಾರ್ಮೋನು ಸರಿಯಾಗಿ ತಯಾರಾಗದು. ಹಲವು ಮಕ್ಕಳಲ್ಲಿ ಮೈಯಲ್ಲಿ ಉಪ್ಪು ಹಿಡಿದಿಡುವ ಆಲ್ಡೋಸ್ಟಿರಾನ್ ಕೂಡ ಕೊರತೆಯಾಗುತ್ತದೆ. ಕಾರ್ಟಿಸಾಲ್ ಆಗುವ ಹಾದಿಯಲ್ಲಿ ಮುಂದಕ್ಕೆ ಸಾಗದೆ ಉಳಿದ 17-ಒಎಚ್‌ಪಿ ಎಂಬ ವಸ್ತು ರಕ್ತದಲ್ಲಿ ಏರುತ್ತದೆ. ಸ್ಕ್ರೀನಿಂಗ್ ಕಾಗದದ ಮೇಲಿನ ರಕ್ತದ ಹನಿಯಲ್ಲಿ ಅಳೆದದ್ದು ಅದನ್ನೇ. ಹೆಣ್ಣುಮಗುವಾದರೆ ಜನನಾಂಗದ ರೂಪ ನೋಡಿ ಸಾಮಾನ್ಯವಾಗಿ ಅನುಮಾನ ಬರುತ್ತದೆ. ಗಂಡುಮಗುವಿನಲ್ಲಿ ಹೊರಗೆ ಏನೂ ಕಾಣದೇ ಇರಬಹುದು, ಅಪಾಯ ಇರುವುದೇ ಅಲ್ಲಿ. ಮೊದಲ ಮೂರು ವಾರಗಳಲ್ಲಿ ಸೋಡಿಯಂ ಇಳಿದು, ಪೊಟ್ಯಾಸಿಯಂ ಏರಿ, ವಾಂತಿ, ಮಂಪರು, ಕೊನೆಗೆ ರಕ್ತದೊತ್ತಡ ಕುಸಿಯುವ ಶಾಕ್‌ವರೆಗೂ ಹೋಗಬಹುದು.

‘ಅಸಹಜ’ ಎಂದ ಮಾತ್ರಕ್ಕೆ ಕಾಯಿಲೆ ಖಚಿತವಲ್ಲ. ತಿಂಗಳು ತುಂಬದೆ ಹುಟ್ಟಿದ್ದರೆ ಅಥವಾ 24 ಗಂಟೆಗೆ ಮುಂಚೆ ರಕ್ತ ತೆಗೆದಿದ್ದರೆ ಸುಳ್ಳು ಏರಿಕೆ ಸಾಮಾನ್ಯ. ಅದಕ್ಕೇ ರಕ್ತನಾಳದಿಂದ 17-ಒಎಚ್‌ಪಿ, ಸೋಡಿಯಂ, ಪೊಟ್ಯಾಸಿಯಂ, ಸಕ್ಕರೆ ಮತ್ತೆ ನೋಡುತ್ತಾರೆ. ಟೆಕ್ಸಾಸ್‌ನಲ್ಲಿ 7ರಿಂದ 14 ದಿನದೊಳಗೆ ಎರಡನೇ ಸ್ಕ್ರೀನಿಂಗ್ ಇದೆ. ಅದರ ಫಲಿತಾಂಶಕ್ಕೆಂದು ಈಗಿನ ಪರೀಕ್ಷೆ ಮುಂದೂಡಬೇಡಿ.

ಕಾಯಿಲೆ ಖಚಿತವಾದರೆ ಕಾರ್ಟಿಸಾಲ್ ಬದಲಿಗೆ ಹೈಡ್ರೋಕಾರ್ಟಿಸೋನ್ ದಿನಕ್ಕೆ ಮೂರು ಬಾರಿ, ಜೊತೆಗೆ ಆಲ್ಡೋಸ್ಟಿರಾನ್ ಬದಲಿಗೆ ಫ್ಲೂಡ್ರೋಕಾರ್ಟಿಸೋನ್, ಹಾಲಿನೊಂದಿಗೆ ದಿನಕ್ಕೆ 1–2 ಗ್ರಾಂ ಉಪ್ಪು ಹಂಚಿ ಕೊಡಲು ಹೇಳುತ್ತಾರೆ. ಹೈಡ್ರೋಕಾರ್ಟಿಸೋನ್‌ನ 5 ಮಿಲಿಗ್ರಾಂ ಮಾತ್ರೆಯ ಕಾಲು ಭಾಗ ಎಂದರೆ 1.25 ಮಿಲಿಗ್ರಾಂ. ಅದನ್ನು ಪುಡಿ ಮಾಡಿ, ಒಂದು ಚಮಚ ಹಾಲಲ್ಲಿ ಕಲಸಿ ಆಗಲೇ ಕುಡಿಸಿ. ಬಾಟಲಿಗೆ ಸುರಿದರೆ ಮಗು ಅರ್ಧಕ್ಕೆ ಬಿಟ್ಟಾಗ ಎಷ್ಟು ಒಳಗೆ ಹೋಯಿತೆಂದು ಗೊತ್ತಾಗದು. ಒಟ್ಟಿಗೆ ನೀರಲ್ಲಿ ಕಲಸಿಡಲೂ ಬೇಡಿ: ಪುಡಿ ತಳಕ್ಕೆ ಇಳಿದು, ಒಂದು ಹೊತ್ತಿಗೆ ಕಡಿಮೆ, ಇನ್ನೊಂದಕ್ಕೆ ಹೆಚ್ಚು ಬೀಳುತ್ತದೆ.

ಎಡವುವುದು ಹೆಚ್ಚಾಗಿ ಜ್ವರ ಬಂದಾಗ. ಊರಿಂದ ಬಂದ ಅಜ್ಜಿಯರು “ಸ್ಟೆರಾಯ್ಡ್ ಬೇಡ, ಸ್ವಲ್ಪ ನಿಲ್ಲಿಸಿ” ಎನ್ನುತ್ತಾರೆ, ಪ್ರೀತಿಯಿಂದಲೇ. ಆದರೆ ಇದು ದೇಹ ತಾನೇ ತಯಾರಿಸಬೇಕಿದ್ದದ್ದು. 38.5 ಡಿಗ್ರಿ ಸೆಲ್ಸಿಯಸ್, ಇಲ್ಲಿನ ಲೆಕ್ಕದಲ್ಲಿ 101.3 ಫ್ಯಾರನ್‌ಹೀಟ್ ದಾಟಿದರೆ ನಿಮ್ಮ ಎಂಡೋಕ್ರೈನ್ (ಹಾರ್ಮೋನು) ಡಾಕ್ಟರ್ ಬರೆದುಕೊಟ್ಟಂತೆ ಹೈಡ್ರೋಕಾರ್ಟಿಸೋನ್ ಎರಡರಷ್ಟು ಅಥವಾ ಮೂರರಷ್ಟು ಕೊಡಬೇಕು. ಕೊಟ್ಟ ಔಷಧಿ ವಾಂತಿಯಾಗಿ ಮತ್ತೆ ಕೊಟ್ಟದ್ದೂ ನಿಲ್ಲದಿದ್ದರೆ, ಅಥವಾ ಮಗು ಎಚ್ಚರಗೊಳ್ಳದಿದ್ದರೆ, ತೊಡೆಗೆ ಇಂಜೆಕ್ಷನ್: ಸೊಲು-ಕಾರ್ಟೆಫ್‌ನ (ಇಂಜೆಕ್ಷನ್ ರೂಪದ ಹೈಡ್ರೋಕಾರ್ಟಿಸೋನ್) 100 ಮಿಲಿಗ್ರಾಂ ವಯಲ್ ಕಲಸಿದಾಗ 2 ಎಂಎಲ್ ಆಗುತ್ತದೆ, ಶಿಶುವಿಗೆ 25 ಮಿಲಿಗ್ರಾಂ, ಅಂದರೆ ಅರ್ಧ ಎಂಎಲ್. ಕೊಟ್ಟ ಕೂಡಲೇ 911ಕ್ಕೆ ಫೋನ್ ಮಾಡಿ. ಆಸ್ಪತ್ರೆಯಿಂದ ಬಿಡುವ ಮುನ್ನ ನರ್ಸ್ ಎದುರಿಗೆ ನೀವಿಬ್ಬರೂ, ಅಜ್ಜಿಯೂ ಇದನ್ನು ಮಾಡಿ ತೋರಿಸಿ. ವಯಲ್‌ನ ಎಕ್ಸ್‌ಪೈರಿ ದಿನಾಂಕ ಫೋನಿನಲ್ಲಿ ಹಾಕಿಟ್ಟುಕೊಳ್ಳಿ.